ಸಿಯಾಟಲ್‌ನ ಸುದ್ದಿ ಎಲ್ಲಿ ಸಿಗುತ್ತೆ? ವೋಟೇ ಇಲ್ಲದವರಿಗೆ ಅದು ಯಾಕೆ ಬೇಕು?

ಬಂದು ಆರು ತಿಂಗಳಾದರೂ ಟಿವಿ ಹಾಕಿದರೆ ಗುಂಡೇಟು, ಟ್ರಾಫಿಕ್, ಮಳೆ ಬಿಟ್ಟು ಬೇರೇನೂ ಕಾಣಲ್ಲ. ಎಚ್‌-1ಬಿ ಕೆಲಸದ ವೀಸಾದವನಿಗೆ ವೋಟೂ ಇಲ್ಲ, ಇನ್ನು ಊರ ಉಸಾಬರಿ ಯಾಕೆ ಅಂತ ಕೇಳಿದ್ದೀರಿ. ನಾನೂ ಅದೇ ವೀಸಾದಲ್ಲಿ ಎಂಟು ವರ್ಷದಿಂದ ಇಲ್ಲೇ ಇದ್ದೀನಿ. ಮೊದಲ ಮೂರು ವರ್ಷ ನನ್ನದೂ ಇದೇ ರಾಗ.

ಟಿವಿಯನ್ನು ಪೂರ್ತಿ ಬಯ್ಯಲಾರೆ. ಹಿಮ ಬಿದ್ದ ದಿನ ಸ್ಕೂಲಿಗೆ ರಜವೋ ಅಲ್ಲವೋ ಅಂತ ನಸುಕಿನಲ್ಲೇ ಹೇಳುವವರು ಕಿಂಗ್ 5, ಕೋಮೋ 4, ಕೈರೋ 7ನವರೇ. ಆದರೆ ಕೋಮೋ ಚಾನೆಲ್ಲಿನ ಒಡೆಯ ಸಿಂಕ್ಲೇರ್ ಕಂಪನಿ ಕೂತಿರುವುದು ದೇಶದ ಆ ಕೊನೆಯ ಮೇರಿಲ್ಯಾಂಡ್‌ನಲ್ಲಿ. ಪತ್ರಿಕೆ ಎರಡಿದ್ದವು. ಪೋಸ್ಟ್-ಇಂಟೆಲಿಜೆನ್ಸರ್ 2009ರ ಮಾರ್ಚ್‌ನಲ್ಲಿ ಅಚ್ಚಾಗುವುದನ್ನು ನಿಲ್ಲಿಸಿತು, ಈಗಿರುವುದು ಸಿಯಾಟಲ್ ಟೈಮ್ಸ್. ಕಾರಿನಲ್ಲಿದ್ದಾಗ 94.9ರ ಕೆಯುಒಡಬ್ಲ್ಯು ರೇಡಿಯೋ ಹಾಕಿಕೊಳ್ಳಿ.

ನಾನು ನಿಜವಾಗಿ ನೋಡುವುದು ಮಾತ್ರ ಸಿಯಾಟಲ್ ಚಾನೆಲ್. ನಗರಾಡಳಿತವೇ ನಡೆಸುವ ಇದರಲ್ಲಿ ಒಂಬತ್ತು ಜನರ ಸಿಟಿ ಕೌನ್ಸಿಲ್ ಸಭೆಗಳು ಕತ್ತರಿ ಇಲ್ಲದೆ ಬರುತ್ತವೆ, ಆಮೇಲೆ ವೆಬ್‌ಸೈಟಿನಲ್ಲೂ ಇರುತ್ತವೆ. ಒಪ್ಪುತ್ತೀನಿ, ಮುಕ್ಕಾಲು ಪಾಲು ನಿದ್ದೆ ಬರಿಸುವಂಥದ್ದೇ. (ಇದಕ್ಕೆ ದುಡ್ಡು ಬರುವುದು ಕೇಬಲ್ ಕಂಪನಿಗಳು ನಗರಕ್ಕೆ ಕಟ್ಟುವ ಶುಲ್ಕದಿಂದ. ಜನ ಕೇಬಲ್ ಬಿಡುತ್ತಿದ್ದಾರೆ, ಆ ಆದಾಯವೂ ಕರಗುತ್ತಿದೆ.)

ನಾನು ಅದಕ್ಕೆ ಅಂಟಿಕೊಂಡಿದ್ದು ಫುಟ್‌ಪಾತ್ ದೆಸೆಯಿಂದ. ನಮ್ಮ ಬಾಡಿಗೆ ಮನೆ 85ನೇ ಬೀದಿಯಿಂದ ಉತ್ತರಕ್ಕಿದೆ. ಮಗುವಿನ ಗಾಡಿ ತಳ್ಳಿಕೊಂಡು ಹೊರಟರೆ ಒಂದು ಚಕ್ರ ಜಲ್ಲಿಯಲ್ಲಿ, ಇನ್ನೊಂದು ಡಾಂಬರಿನ ಮೇಲೆ. ನವೆಂಬರ್ ಬಂತೆಂದರೆ ಜಲ್ಲಿ ಜಾಗದಲ್ಲಿ ಕೆಸರುಗುಂಡಿ. ದಕ್ಷಿಣಕ್ಕೆ ನಾಲ್ಕು ಹೆಜ್ಜೆ ಹೋದರೆ ನೀಟಾದ ಫುಟ್‌ಪಾತ್. ಯಾಕೆ ಹೀಗೆ ಅಂತ ಗೊತ್ತಾಗಿದ್ದು ಒಂದು ಸಭೆ ನೋಡುವಾಗಲೇ. ಈ ಭಾಗ ಸಿಯಾಟಲ್‌ಗೆ ಸೇರಿದ್ದು 1954ರಲ್ಲಿ. ಅದಕ್ಕೂ ಮುಂಚೆ, ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಆಡಳಿತದ ಕಾಲದಲ್ಲಿ ಬಡಾವಣೆಗಳನ್ನು ಫುಟ್‌ಪಾತ್ ಇಲ್ಲದೆಯೇ ಕಟ್ಟಿಬಿಟ್ಟಿದ್ದರು. ಇವತ್ತಿಗೂ ಊರಿನ ಹೆಚ್ಚುಕಡಿಮೆ ಕಾಲು ಭಾಗದ ಬೀದಿಗಳಿಗೆ ಅದಿಲ್ಲ.

2024ರಲ್ಲಿ ರಸ್ತೆ-ಸಾರಿಗೆಗೆಂದು ಎಂಟು ವರ್ಷಕ್ಕೆ 155 ಕೋಟಿ ಡಾಲರ್ ಆಸ್ತಿ ತೆರಿಗೆ ಎತ್ತುವ ಪ್ರಸ್ತಾವ ಬಂತು. ಫುಟ್‌ಪಾತಿಗೂ ಅದರಲ್ಲಿ ಪಾಲಿತ್ತು. ತೆರಿಗೆ ಕಟ್ಟುವವನು ಓನರ್, ನಿಜ. ಆದರೆ ಮುಂದಿನ ಅಗ್ರಿಮೆಂಟಿನಲ್ಲಿ ಅದು ಯಾರ ತಲೆಗೆ ಬರುತ್ತೆ ಅಂತ ಬೆಂಗಳೂರಿನಲ್ಲಿ ಬಾಡಿಗೆಗಿದ್ದವರಿಗೆ ಹೇಳಿಕೊಡಬೇಕಾಗಿಲ್ಲ.

ಇಲ್ಲಿ ಕೌನ್ಸಿಲ್ ಮುಂದೆ ಮಾತಾಡಲು ವೋಟು ಬೇಕಿಲ್ಲ, ವೀಸಾ ಯಾವುದು ಅಂತ ಯಾರೂ ಕೇಳುವುದಿಲ್ಲ. ಜಾತಿ ತಾರತಮ್ಯ ನಿಷೇಧಿಸುವ ಕಾನೂನು 2023ರ ಫೆಬ್ರವರಿ 21ರಂದು 6-1ರಲ್ಲಿ ಪಾಸಾಯಿತಲ್ಲ, ಅಮೆರಿಕದ ನಗರಗಳಲ್ಲಿ ಅದೇ ಮೊದಲು. ಆಗಲೂ ಪರ, ವಿರೋಧ ಎರಡೂ ಕಡೆ ನಮ್ಮವರೇ ಸಾಲುಗಟ್ಟಿ ಮಾತಾಡಿದ್ದರು.

2024ರ ಆ ತೆರಿಗೆ ಚರ್ಚೆಗೆ ನಾನೂ ಫೋನಿನಲ್ಲಿ ಮಾತಾಡಲು ಹೆಸರು ಕೊಟ್ಟೆ. ಎರಡು ನಿಮಿಷ ಸಿಗುತ್ತೆ ಅಂತ ಒಂದು ಪುಟ ಬರೆದಿಟ್ಟುಕೊಂಡಿದ್ದೆ. ಜನ ಜಾಸ್ತಿ, ತಲಾ ಒಂದೇ ನಿಮಿಷ ಅಂದರು. ನನ್ನ ಹೆಸರು ಕರೆದಾಗ ದನಿ ಆ ಕಡೆ ಕೇಳಿಸಲು ಸ್ಟಾರ್ ಆರು ಒತ್ತುವುದು ಮರೆತು ಗೋಡೆಗೆ ಭಾಷಣ ಮಾಡಿದೆ. ಎರಡನೇ ಸಲ ಕರೆದರು. 1954ರ ಕಥೆ ಮುಗಿದು ಮಗುವಿನ ಗಾಡಿಗೆ ಬರುವಷ್ಟರಲ್ಲಿ, ಹತ್ತೇ ಸೆಕೆಂಡ್ ಉಳಿದಿದೆ ಅಂತ ಟಿಣ್ ಅಂದಿತು. ಗಾಡಿ ಅರ್ಧ ದಾರಿಯಲ್ಲೇ ನಿಂತಿತು. ಅಡುಗೆಮನೆಯಿಂದ ನನ್ನ ಹೆಂಡತಿ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ಆ ನವೆಂಬರ್‌ನಲ್ಲಿ ಊರಿನ ಮತದಾರರ ಸುಮಾರು ಮೂರನೇ ಎರಡರಷ್ಟು ವೋಟು ಬಿದ್ದು ತೆರಿಗೆ ಪಾಸಾಯಿತು. ನನ್ನ ಒಂದು ನಿಮಿಷದಿಂದ ಅಲ್ಲ ಬಿಡಿ. ನಮ್ಮ ಬೀದಿಗೆ ಫುಟ್‌ಪಾತ್ ಇನ್ನೂ ಬಂದಿಲ್ಲ.

ಕೌನ್ಸಿಲ್ ಸಾಮಾನ್ಯವಾಗಿ ಸೇರುವುದು ಮಂಗಳವಾರ ಮಧ್ಯಾಹ್ನ ಎರಡಕ್ಕೆ. ಮಾತಾಡುವುದಾದರೆ ಒಂದು ನಿಮಿಷಕ್ಕಾಗುವಷ್ಟೇ ಬರೆದುಕೊಳ್ಳಿ, ಗಾಡಿಯಿಂದಲೇ ಶುರು ಮಾಡಿ.