ಮೋಡದಾಚೆಯ ಕಣ್ಣು

ಪ್ರಶ್ನೆ: ಬೆಟ್ಟಗಳ ಮೇಲೆಯೇ ದೊಡ್ಡ ದೂರದರ್ಶಕಗಳಿರುವಾಗ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕವನ್ನು 15 ಲಕ್ಷ ಕಿಲೋಮೀಟರ್ ದೂರಕ್ಕೆ ಕಳುಹಿಸಿದ್ದೇಕೆ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಮಳೆಗಾಲದ ಆಟಿ ತಿಂಗಳಿನಲ್ಲಿ ಕಾಸರಗೋಡಿನ ಆಕಾಶ ನೋಡಹೊರಟವರಿಗೆ ಮೋಡವೇ ಶತ್ರುವೆನಿಸುವುದು ಸಹಜ, ಆದರೆ ಮೋಡವಿಲ್ಲದ ರಾತ್ರಿಯಲ್ಲೂ ಗಾಳಿಯ ಅಲುಗಾಟವು ನಕ್ಷತ್ರದ ಬಿಂಬವನ್ನು ಕದಡುತ್ತದೆ, ಗಾಳಿಯಲ್ಲಿರುವ ನೀರಾವಿಯು ಅವಕೆಂಪು (ಕೆಂಪಿಗಿಂತ ಹೆಚ್ಚು ತರಂಗಾಂತರದ, ಕಣ್ಣಿಗೆ ಕಾಣದ) ಕಿರಣಗಳ ಬಹುಭಾಗವನ್ನು ಹೀರಿಕೊಳ್ಳುತ್ತದೆ. ವೆಬ್‌ಗೆ ಬೇಕಾದದ್ದು ಆ ಕಿರಣಗಳೇ. ಅತಿದೂರದ ಗೆಲಾಕ್ಸಿಗಳಿಂದ 1,300 ಕೋಟಿ ವರ್ಷಗಳಿಗೂ ಹಿಂದೆ ಹೊರಟ ಬೆಳಕು, ವಿಶ್ವವು ಹಿಗ್ಗುತ್ತಿರುವುದರಿಂದ ತರಂಗಾಂತರ ಹೆಚ್ಚುತ್ತ, ನಮ್ಮನ್ನು ತಲುಪುವಾಗ ಅವಕೆಂಪಾಗಿರುತ್ತದೆ. ಧೂಳಿನೊಳಗೆ ಹುಟ್ಟುತ್ತಿರುವ ನಕ್ಷತ್ರಗಳೂ ಈ ಬೆಳಕಿನಲ್ಲೇ ಚೆನ್ನಾಗಿ ಕಾಣುತ್ತವೆ. ಬೆಚ್ಚಗಿನ ವಸ್ತು ತಾನೇ ಅವಕೆಂಪನ್ನು ಸೂಸಿ ಈ ಮಂದ ಬೆಳಕನ್ನು ಮುಳುಗಿಸುತ್ತದೆಯಾದ್ದರಿಂದ, ಎಳೆಯ ಅಡಿಕೆ ಸಸಿಗೆ ಸೋಗೆಯ ಮರೆ ಕಟ್ಟುವಂತೆ, ವೆಬ್‌ನ 6.5 ಮೀಟರ್ ಕನ್ನಡಿಯನ್ನು ಬೆಚ್ಚಗಿನ ಭೂಮಿಯಿಂದ ಅಷ್ಟು ದೂರದಲ್ಲಿ, ಐದು ಪದರಗಳ ಬಿಸಿಲುಮರೆಯ ಹಿಂದೆ ತಣ್ಣಗಿಡಲಾಗಿದೆ.