ಹಾವಸೆಗೂ ಕಾಡುಮೊಲಕ್ಕೂ ಏನಾದರೂ ನಂಟು ಉಂಟಾ?

ಮಗಳ ಪ್ರಾಜೆಕ್ಟಿಗೆ ಫ್ಯುನೇರಿಯಾ ಎಂಬ ಹಾವಸೆಯನ್ನೂ ಕಪ್ಪು ಹೆಗ್ಗತ್ತಿನ ಕಾಡುಮೊಲವನ್ನೂ ಹೋಲಿಸಬೇಕು, ಬರೆಯಲಿಕ್ಕೆ ಏನಾದರೂ ಉಂಟಾ ಅಂತ ಕೇಳಿದ್ದೀರಿ. ಧಾರಾಳ ಉಂಟು. ನಮ್ಮ ಕಾಸರಗೋಡಿನಲ್ಲಾದರೆ ಪ್ರಾಸವೂ ಕೂಡುತ್ತದೆ: ಮಲಯಾಳದಲ್ಲಿ ಒಂದು ಪಾಯಲ್, ಇನ್ನೊಂದು ಮುಯಲ್.

ಬರೀ ಪಾಚಿ ಅಂತ ಬರೆಯಬೇಡಿ. ಕೆರೆಯ ಮೆಟ್ಟಿಲಲ್ಲಿ ಕಾಲು ಜಾರಿಸುವ ಲೋಳೆಗೂ ನಾವು ಪಾಚಿ ಅನ್ನುತ್ತೇವೆ, ಮಳೆಗಾಲದಲ್ಲಿ ಕೆಂಪುಕಲ್ಲಿನ ಗೋಡೆಗೆ ಮಖಮಲ್ಲಿನ ಹಾಗೆ ಹಬ್ಬುವುದಕ್ಕೂ ಪಾಚಿಯೇ. ಮೊದಲನೆಯದು ಶೈವಲ, ಇಂಗ್ಲಿಷಿನ ಆಲ್ಗೆ. ನಿಮಗೆ ಬೇಕಾದದ್ದು ಎರಡನೆಯದು.

ಒಂದು ಓಡುತ್ತದೆ, ಒಂದು ನಿಂತಲ್ಲೇ ಬಿಸಿಲಲ್ಲಿ ಅಡುಗೆ ಮಾಡಿಕೊಳ್ಳುತ್ತದೆ ಎಂಬುದನ್ನು ಎರಡು ಸಾಲಿನಲ್ಲಿ ಮುಗಿಸಿ. ನನಗೆ ಸ್ವಾರಸ್ಯ ಕಾಣುವುದು ಬೇರೆ ಕಡೆ. ತೋಟದ ತೆಂಗು, ಕಂಗು (ಅಡಿಕೆಮರ), ಮಾವಿನ ಗಂಡುಕಣಕ್ಕೆ, ಅಂದರೆ ವೀರ್ಯಾಣುವಿಗೆ, ಈಜುವ ಬಾಲವಿಲ್ಲ. ಪರಾಗದ ನಳಿಗೆಯೇ ಅದನ್ನು ಅಂಡಕ್ಕೆ ತಲುಪಿಸುತ್ತದೆ. ಹಾವಸೆಯದ್ದು ಮೊಲದ್ದರ ಹಾಗೆ ಈಜಿಕೊಂಡೇ ಹೋಗಬೇಕು. ಮೊಲದ್ದಕ್ಕೆ ಒಂದು ಬಾಲವಾದರೆ ಇದಕ್ಕೆ ಎರಡು. ಮೊಲಕ್ಕೆ ಬೇಕಾದ ದ್ರವ ಮೈಯೊಳಗೇ ಉಂಟು, ಹಾವಸೆ ಮಳೆಹನಿಗೆ ಕಾಯಬೇಕು. ಈ ಒಂದು ವಿಷಯದಲ್ಲಿ ಅದು ಕಂಗಿಗಿಂತ ಮೊಲಕ್ಕೇ ಹತ್ತಿರ!

ಲೆಕ್ಕದಲ್ಲೂ ತಮಾಷೆ ಉಂಟು. ಕಾಡುಮೊಲದ ಕೋಶದಲ್ಲಿ 48 ವರ್ಣತಂತು (ಕ್ರೋಮೊಸೋಮ್), ತಾಯಿಯಿಂದ 24, ತಂದೆಯಿಂದ 24. ಹಾವಸೆಯ ಹಸಿರು ಗಿಡಕ್ಕೆ ಒಂದೇ ಸೆಟ್. ಅದರ ತಲೆಯ ಮೇಲೆ ಕೂದಲಿನಂಥ ತೊಟ್ಟು, ತುದಿಗೆ ಬಾಗಿದ ಪುಟ್ಟ ಡಬ್ಬಿ ಏಳುತ್ತದಲ್ಲ, ಅದಕ್ಕೆ ಮಾತ್ರ ಎರಡು ಸೆಟ್. ಮಡಿಕೇರಿ ಕಡೆಯಿಂದ ತಂದ ಒಣ ತೊಟ್ಟಿಗೆ ಒಮ್ಮೆ ಒದ್ದೆ ಬೆರಳು ತಾಗಿಸಿದ್ದೆ. ಹುರಿಹಗ್ಗ ಬಿಚ್ಚಿದ ಹಾಗೆ ತಿರುಗಿತು. ಈ ಹಾವಸೆಯ ಪೂರ್ತಿ ಹೆಸರು ಫ್ಯುನೇರಿಯಾ ಹೈಗ್ರೊಮೆಟ್ರಿಕಾ. ಹೈಗ್ರೊಮೆಟ್ರಿಕಾ ಅಂದರೆ ತೇವ ಅಳೆಯುವುದು, ಹೆಸರು ಬಂದದ್ದು ಅದರಿಂದಲೇ.

ಇನ್ನು ಮೊಲ. ಅಂಗಡಿಯ ಚಾರ್ಟಿನ ಬಿಳಿ ಸಾಕುಮೊಲ ಅಂಟಿಸಿಬಿಟ್ಟೀರಿ, ಅದರ ಕುಲವೇ ಬೇರೆ. ಅದರ ಮರಿ ಹುಟ್ಟುವಾಗ ಕಣ್ಣು ಮುಚ್ಚಿರುತ್ತದೆ, ಮೈಮೇಲೆ ರೋಮ ಇರುವುದಿಲ್ಲ. ಕಾಡುಮೊಲ ಬಿಲ ತೋಡುವುದಿಲ್ಲ. ಒಮ್ಮೆ ಪದವಿನಲ್ಲಿ (ಗುಡ್ಡದ ಮೇಲಿನ ಬಯಲಿನಲ್ಲಿ) ಮುಳಿಹುಲ್ಲು ಕೊಯ್ಯುವಾಗ ಬುಡದಲ್ಲಿ ಅಂಗೈಯಗಲದ ಮರಿಯೊಂದು ಕೂತಿತ್ತು. ಮೈತುಂಬ ರೋಮ, ಕಣ್ಣು ಪೂರ್ತಿ ತೆರೆದಿತ್ತು, ಕತ್ತಿಯ ಸದ್ದಿಗೂ ಅಲುಗಲಿಲ್ಲ. ಅಷ್ಟು ಹುಲ್ಲನ್ನು ಹಾಗೇ ಬಿಟ್ಟು ಆಚೆಯಿಂದ ಕೊಯ್ದೆವು.