ಸರಪಳಿ ಹಿಡಿದ ಕೈಗೆ ಕರಿಕೋಟು

ಪ್ರಶ್ನೆ: ಪದವಿ ಮುಗಿಸಿದ ಮೇಲೆ ಏಳು ವರ್ಷ ಒಂದೇ ತಾಲ್ಲೂಕಿನಲ್ಲಿ ಪರವಾನಗಿ ಪಡೆದ ಭೂಮಾಪಕನಾಗಿ ದುಡಿದು, ಈಗ ಮೂರು ವರ್ಷದ ಎಲ್‌ಎಲ್.ಬಿ.ಯ ಎರಡನೆಯ ವರ್ಷದಲ್ಲಿದ್ದೇನೆ. ಸಿವಿಲ್ ನ್ಯಾಯಾಧೀಶನಾಗುವ ಆಸೆಯಿದೆ. ಕಿರಿಯ ಸಹಪಾಠಿಗಳು ಬೆಂಗಳೂರಿನ ಕಂಪನಿಗಳ ಕಾನೂನು ವಿಭಾಗದ ಮಾತಾಡುವಾಗ ನನ್ನ ಹಳೆಯ ಕೆಲಸವನ್ನು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಈ ಅನುಭವಕ್ಕೆ ವಕೀಲಿ ವೃತ್ತಿಯಲ್ಲಿ ಬೆಲೆಯಿದೆಯೇ?
– ಹೆಸರು ಬೇಡ, ತುಮಕೂರು ಜಿಲ್ಲೆ

ಉತ್ತರ: ನ್ಯಾಯಾಧೀಶರ ಹುದ್ದೆಯ ಮಾತನ್ನು ಮೊದಲು ಮುಗಿಸಿಬಿಡೋಣ. ಕಿರಿಯ ಶ್ರೇಣಿಯ ಸಿವಿಲ್ ನ್ಯಾಯಾಧೀಶರ ನೇಮಕಾತಿಗೆ ಕನಿಷ್ಠ ಮೂರು ವರ್ಷದ ವಕೀಲಿ ಅನುಭವ ಬೇಕೆಂಬ ನಿಯಮವನ್ನು ಸುಪ್ರೀಂ ಕೋರ್ಟ್ 2025ರ ಮೇ 20ರ ತೀರ್ಪಿನಲ್ಲಿ ಮರಳಿ ತಂದಿತು. ಆ ಅವಧಿಯನ್ನು ವಕೀಲರ ಪರಿಷತ್ತಿನಲ್ಲಿ ತಾತ್ಕಾಲಿಕ ನೋಂದಣಿಯಾದ ದಿನದಿಂದ ಲೆಕ್ಕ ಹಾಕಬಹುದೆಂದೂ ಹೇಳಿತು. ನೀವು ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನು ನೋಡಿಕೊಳ್ಳುವುದು ಇದ್ದೇ ಇದೆ. ಆದರೆ ಸನ್ನದು (ವಕೀಲಿ ನಡೆಸುವ ಅನುಮತಿ) ಪಡೆದು ಕೆಲವು ವರ್ಷ ಯಾವ ಊರಿನ ಕೋರ್ಟಿನಲ್ಲಿ, ಎಂಥ ಹಿರಿಯರ ಕೈಕೆಳಗೆ ದುಡಿಯುತ್ತೀರಿ ಎಂಬುದೇ ಸದ್ಯದ ನಿಜವಾದ ಪ್ರಶ್ನೆ. ನಿಮ್ಮ ಹಳೆಯ ಕೆಲಸಕ್ಕೆ ಬೆಲೆ ಬರುವುದೂ ಅಲ್ಲಿಯೇ.

ತಾಲ್ಲೂಕು ಕೋರ್ಟಿಗೆ ಬರುವ ಜಮೀನಿನ ದಾವೆಯೊಂದನ್ನು ಊಹಿಸಿಕೊಳ್ಳಿ. ಕ್ರಯಪತ್ರದಲ್ಲಿ ವಿಸ್ತೀರ್ಣ 1 ಎಕರೆ 10 ಗುಂಟೆ ಎಂದಿದೆ. ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆ, ನೋಡಿದರೆ ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡಿದಾರಿ, ಇವುಗಳ ನಡುವೆ ಅಳೆದರೆ 1 ಎಕರೆ 16 ಗುಂಟೆ. ಪೋಡಿ (ಸರ್ವೆ ನಂಬರನ್ನು ಹಿಸ್ಸೆಗಳಾಗಿ ಅಳೆದು ಬೇರ್ಪಡಿಸುವುದು) ಆಗಿಲ್ಲ, ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರಿದೆ. ವಿಸ್ತೀರ್ಣಕ್ಕೂ ಚೆಕ್ಕುಬಂದಿಗೂ ತಾಳೆಯಾಗದಿದ್ದಾಗ ಸಾಮಾನ್ಯವಾಗಿ ಚೆಕ್ಕುಬಂದಿಯೇ ಮೇಲು ಎಂಬ ತತ್ವವನ್ನು ನಿಮ್ಮ ಸಹಪಾಠಿಗಳೂ ಓದಿಕೊಳ್ಳುತ್ತಾರೆ. ಆ ಆರು ಗುಂಟೆ ಎಲ್ಲಿಂದ ಬಂತೆಂದು ಟಿಪ್ಪಣಿ (ಮೂಲ ಅಳತೆಯ ಕರಡು ನಕ್ಷೆ), ಆಕಾರಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯಗಳ ಪಟ್ಟಿ) ಬಿಡಿಸಿಟ್ಟು ತೋರಿಸಬಲ್ಲವರು ನೀವು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 26, ನಿಯಮ 9ರಡಿ ನೇಮಕವಾದ ಕೋರ್ಟ್ ಕಮಿಷನರ್ ಸ್ಥಳ ತನಿಖೆಯ ವರದಿ ಸಲ್ಲಿಸಿದಾಗ, ‘ಅಳತೆಯನ್ನು ಯಾವ ಕಲ್ಲಿನಿಂದ ಆರಂಭಿಸಿದಿರಿ, ಆ ಕಲ್ಲು ಅದೇ ಎಂದು ಹೇಗೆ ಗುರುತಿಸಿದಿರಿ’ ಎಂದು ಪಾಟೀ ಸವಾಲಿನಲ್ಲಿ ಕೇಳುವುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಇದಕ್ಕೆ ಸಂಕೋಚಪಡುವುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ.

ಆದರೆ ಹಳೆಯ ಅಭ್ಯಾಸವೊಂದನ್ನು ಬಿಡಬೇಕಾಗುತ್ತದೆ. ಭೂಮಾಪಕನಿಗೆ ಕಂದಾಯ ದಾಖಲೆಯೇ ಆಧಾರ. ವಕೀಲನಿಗೆ ಅದು ಪುರಾವೆಗಳಲ್ಲಿ ಒಂದು ಮಾತ್ರ. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 133ನೆಯ ಕಲಮಿನ ಪ್ರಕಾರ ಹಕ್ಕುದಾಖಲೆಯ ನಮೂದನ್ನು, ತಪ್ಪೆಂದು ರುಜುವಾತಾಗುವವರೆಗೆ, ಸರಿಯೆಂದು ಭಾವಿಸತಕ್ಕದ್ದೇ ಹೊರತು ಅದರಿಂದಲೇ ಒಡೆತನ ಹುಟ್ಟುವುದಿಲ್ಲ.

ಇನ್ನೊಂದು ತೊಡಕನ್ನು ನೀವು ಬಹುಶಃ ಯೋಚಿಸಿಲ್ಲ. ತಾನು ಸಾಕ್ಷಿಯಾಗಬೇಕಾದೀತು ಎಂದು ನಂಬಲು ಕಾರಣವಿರುವ ಪ್ರಕರಣದಲ್ಲಿ ವಕೀಲನು ವಕಾಲತ್ತು ವಹಿಸಬಾರದೆಂದು ಭಾರತೀಯ ವಕೀಲರ ಪರಿಷತ್ತಿನ ನಡತೆಯ ನಿಯಮಗಳು ಹೇಳುತ್ತವೆ. ಏಳು ವರ್ಷದಲ್ಲಿ ಆ ತಾಲ್ಲೂಕಿನ ಎಷ್ಟು ಸರ್ವೆ ನಂಬರುಗಳ ನಕ್ಷೆಗೆ ನಿಮ್ಮ ಸಹಿ ಬಿದ್ದಿದೆಯೋ! ಪಕ್ಕದ ತಾಲ್ಲೂಕಿನಲ್ಲಿ ವೃತ್ತಿ ಆರಂಭಿಸುವುದು ಲೇಸು. ವಕೀಲರು ಸ್ವತಃ ವ್ಯಾಪಾರ ವ್ಯವಹಾರದಲ್ಲಿ ತೊಡಗುವುದಕ್ಕೂ ನಿರ್ಬಂಧವಿರುವುದರಿಂದ, ಭೂಮಾಪನದ ಪರವಾನಗಿಯ ಸಂಗತಿಯನ್ನು ನೋಂದಣಿ ಅರ್ಜಿಯಲ್ಲಿ ಮುಚ್ಚಿಡದೆ ತಿಳಿಸಿ, ರಾಜ್ಯ ವಕೀಲರ ಪರಿಷತ್ತಿನ ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಿ.

ಹಣದ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಕಿರಿಯ ವಕೀಲರಿಗೆ ತಿಂಗಳಿಗೆ ನಗರಗಳಲ್ಲಿ 20,000, ಗ್ರಾಮೀಣ ಪ್ರದೇಶದಲ್ಲಿ 15,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಶಿಫಾರಸು ಮಾಡಿದೆ, ಕಡ್ಡಾಯ ಮಾಡಿಲ್ಲ. ಪರವಾನಗಿ ಕೈಯಲ್ಲಿರುವಾಗಲೇ ಒಂದು ವರ್ಷದ ಮನೆಖರ್ಚನ್ನು ಕೂಡಿಟ್ಟುಕೊಳ್ಳಿ. ಈ ರಜೆಯಲ್ಲಿ ಸಿವಿಲ್ ದಾವೆಗಳನ್ನೇ ಹೆಚ್ಚಾಗಿ ನಡೆಸುವ ಹಿರಿಯ ವಕೀಲರೊಬ್ಬರ ಕಚೇರಿಗೆ ಹೋಗಿ, ಅಂಕಪಟ್ಟಿಯನ್ನು ತೋರಿಸುವ ಮೊದಲು, ಟಿಪ್ಪಣಿ ಓದಲು ಬರುತ್ತದೆ ಎಂದು ಹೇಳಿ ನೋಡಿ.